ಎರಡು ಹಾವು, ಒಂದೇ ಅಡಿಬರಹ

ನಾನು ಒಂದು ಪ್ರೆಸೆಂಟೇಶನ್ ಫೈಲು. ಗೋಡೆಯ ಮೇಲೆ ಬೆಳಕು ಬಿದ್ದಾಗ ಒಂದಾದ ಮೇಲೊಂದು ಸ್ಲೈಡು ತೋರಿಸುವುದು ನನ್ನ ಕಸುಬು. ನನಗೆ ಕೈಕಾಲಿಲ್ಲ, ಮೂಗೂ ಇಲ್ಲ. ಆದರೂ ಹೇಸಿಗೆ ಎಂದರೇನೆಂದು ನನಗೆ ಚೆನ್ನಾಗಿ ಗೊತ್ತು.

ಹುಟ್ಟಿದ್ದು ಸಿರಗಾಪುರದ ತಾಲ್ಲೂಕು ಆಸ್ಪತ್ರೆಯಲ್ಲಿ, ಡಾಕ್ಟರ್ ಇಂದುಮತಿ ಕಟ್ಟೀಮನಿಯವರ ಕೋಣೆಯಲ್ಲಿ. ಆ ವಾರ ಅವರ ಕಣ್ಣೆದುರೇ ಒಬ್ಬ ಬಾಣಂತಿ ತೀರಿಕೊಂಡಿದ್ದಳು. ನೆಲದ ಮೇಲೆ ಮಲಗಿದ್ದವಳಿಗೆ ಕಟ್ಟುಹಾವು ಕಚ್ಚಿತ್ತು. ಆ ಹಾವು ಕಚ್ಚಿದರೆ ಉರಿಯೂ ಇಲ್ಲ, ಬಾವೂ ಇಲ್ಲ. ಹೊಟ್ಟೆ ನೋಯುತ್ತದೆ, ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಹಾಸಿಗೆಯ ಹತ್ತಿರ ಹಾವು ಸಿಕ್ಕಿದ್ದರೂ ಮನೆಯವರು ಅದನ್ನು ವಿಷವಿಲ್ಲದ ತೋಳಹಾವು ಎಂದುಕೊಂಡು, ಅಜೀರ್ಣವಾಗಿರಬೇಕೆಂದು ಅಜವಾನ ಕುದಿಸಿ ಕುಡಿಸುತ್ತ ಕೂತಿದ್ದರು.

ಆ ಸಿಟ್ಟಿನಲ್ಲಿ ಡಾಕ್ಟರ್ ನನ್ನನ್ನು ಕಟ್ಟಿದರು. ಊರೂರಿನ ಆಶಾ ಕಾರ್ಯಕರ್ತೆಯರಿಗೆ ತೋರಿಸಬೇಕೆಂಬುದು ಅವರ ಆಸೆ. ಆಸ್ಪತ್ರೆಗೆ ಬಂದ ಆಶಾಗಳಿಗೆಲ್ಲ ಹಾವಿನ ಪಾಠ ಬರೆಯುತ್ತಿದ್ದೇನೆಂದು ಹೇಳಿಯೂ ಇದ್ದರು. ನನ್ನ ಜೀವ ಇದ್ದದ್ದು ನಡುವಿನ ಒಂದು ಸ್ಲೈಡಿನಲ್ಲಿ. ಎಡಕ್ಕೆ ಕಟ್ಟುಹಾವು, ಬಲಕ್ಕೆ ತೋಳಹಾವು. ಕಟ್ಟುಹಾವಿನ ಬಿಳಿ ಪಟ್ಟಿಗಳು ಬಾಲದ ಕಡೆಗೆ ಎದ್ದು ಕಾಣುತ್ತವೆ, ತೋಳಹಾವಿನವು ತಲೆಯ ಕಡೆಗೆ. ಕಣ್ಣು ನೆಟ್ಟು ನೋಡಿದರೆ ಗೊತ್ತಾಗುವಷ್ಟೇ ವ್ಯತ್ಯಾಸ. ಎಡ ಚಿತ್ರದ ಕೆಳಗೆ ‘ವಿಷದ ಹಾವು, ಮುಟ್ಟಬೇಡಿ’ ಎಂದೂ ಬಲ ಚಿತ್ರದ ಕೆಳಗೆ ‘ವಿಷವಿಲ್ಲ, ಹೆದರಬೇಡಿ’ ಎಂದೂ ಬರೆದರು. ಆಗ ನಾನು ಹಗುರವಾಗಿದ್ದೆ, ಚೊಕ್ಕಟವಾಗಿದ್ದೆ.

ಆಮೇಲೆ ಒಂದು ಪೆನ್‌ಡ್ರೈವಿನಲ್ಲಿ ಕೂತು ಜಿಲ್ಲಾ ತರಬೇತಿ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಶಿವಪುತ್ರಪ್ಪ ಅಂಗಡಿಯವರು ನನ್ನ ಎರಡನೆಯ ಯಜಮಾನರು. ಒಳಗೇನಿದೆ ಎಂದು ಅವರು ನೋಡಲಿಲ್ಲ. ಮೊದಲ ಸ್ಲೈಡಿನಲ್ಲಿ ಡಾಕ್ಟರ ಹೆಸರನ್ನು ಅಳಿಸಿ ತಮ್ಮ ಫೋಟೋ ಕೂರಿಸಿದರು. ಮುಂದೆ ಅವರು ದೀಪ ಹಚ್ಚುವ ಫೋಟೋ ಬಂತು, ಶಾಲು ಹೊದಿಸಿಕೊಳ್ಳುವ ಫೋಟೋ ಬಂತು, ಅದೇ ಶಾಲು ಇನ್ನೊಂದು ಮಗ್ಗುಲಿಂದ ಬಂತು. ಹಾವಿನ ಕಡಿತದ ಪಾಠ ಹೇಳಬೇಕಾದ ನಾನು ಹಾರ ಹಾಕಿಕೊಂಡ ಮುಖಗಳನ್ನು ಹೊತ್ತು ಏದುಸಿರು ಬಿಡತೊಡಗಿದೆ.

ನನ್ನನ್ನು ಎಲ್ಲ ತಾಲ್ಲೂಕುಗಳಿಗೂ ಮೇಲ್ ಮಾಡಬೇಕಾಗಿತ್ತು. ಫೈಲು ದೊಡ್ಡದಾಗಿದೆ ಎಂದು ಮೇಲ್ ನಿರಾಕರಿಸಿತು. ಅಂಗಡಿಯವರು ಬಾಯಲ್ಲಿದ್ದ ಗುಟ್ಕಾವನ್ನು ಕಸದ ಬುಟ್ಟಿಗೆ ಉಗಿದು, ತುಟಿ ಒರೆಸಿದ ಅದೇ ಬೆರಳಿನಿಂದ ಮೌಸ್ ಹಿಡಿದು, ಫೈಲು ಕುಗ್ಗಿಸಿಕೊಡುವ ಯಾವುದೋ ಪುಕ್ಕಟೆ ವೆಬ್‌ಸೈಟಿಗೆ ನನ್ನನ್ನು ನೂಕಿದರು. ಸುತ್ತಲೂ ರಮ್ಮಿ ಆಟದ, ಬೊಜ್ಜು ಕರಗಿಸುವ ಪುಡಿಯ ಜಾಹೀರಾತುಗಳು. ಆ ಕೊಳಕಿನ ನಡುವೆ ಅದು ನನ್ನನ್ನು ನೆಲ ಒರೆಸುವ ಬಟ್ಟೆಯಂತೆ ಹಿಂಡಿತು.

ಹೊರಬಂದಾಗ ನನ್ನ ಗುರುತು ನನಗೇ ಸಿಗಲಿಲ್ಲ. ಅಗಲದ ಸ್ಲೈಡುಗಳು ಚೌಕಾಕಾರವಾಗಿದ್ದವು. ಡಾಕ್ಟರ್ ಆರಿಸಿದ್ದ ಕನ್ನಡ ಫಾಂಟು ಹೋಗಿ ಬೇರೊಂದು ಬಂದು ಕೂತಿತ್ತು. ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿದ್ದವು. ಹಾವಿನ ಪಟ್ಟಿಗಳೆಲ್ಲ ಕಲಸಿ ಬೂದಿಬಣ್ಣದ ಲೋಳೆಯಾಗಿದ್ದವು. ಎಲ್ಲಕ್ಕಿಂತ ಹೇಸಿಗೆಯಾದದ್ದು ನಡುವಿನ ಸ್ಲೈಡು ನೋಡಿ. ‘ವಿಷದ ಹಾವು, ಮುಟ್ಟಬೇಡಿ’ ಎಂಬ ಸಾಲು ಕೆಳಗೆ ಜಾರಿ ಸ್ಲೈಡಿನಿಂದ ಆಚೆಗೆ ಬಿದ್ದುಹೋಗಿತ್ತು. ‘ವಿಷವಿಲ್ಲ, ಹೆದರಬೇಡಿ’ ಎಂಬುದು ಹಿಗ್ಗಿ ಎರಡೂ ಚಿತ್ರಗಳ ಅಡಿಗೆ ಹರಡಿಕೊಂಡಿತ್ತು.

ಅಂಗಡಿಯವರು ಮೊದಲ ಸ್ಲೈಡನ್ನು ಮಾತ್ರ ತೆರೆದು ನೋಡಿದರು. ಅಷ್ಟು ದೊಡ್ಡ ಮುಖ, ಎಷ್ಟು ಹಿಂಡಿದರೂ ಮುಖವೇ. “ಛಲೋ ಬಂದೈತಿ” ಎಂದು ಕಳಿಸಿಬಿಟ್ಟರು.

ತರಬೇತಿಯ ದಿನ ಡಾಕ್ಟರಿಗೆ ಹೆರಿಗೆ ಕೇಸುಗಳಿದ್ದವು, ಬರಲಾಗಲಿಲ್ಲ. ಅಂಗಡಿಯವರೇ ನನ್ನನ್ನು ತೋರಿಸಿದರು. ಗೋಡೆಯ ಮೇಲಿದ್ದುದನ್ನು ಹಾಗೇ ಓದುತ್ತ ಹೋದರು. ನಡುವಿನ ಸ್ಲೈಡು ಬಂದಾಗಲೂ ಅವರ ದನಿ ತಡವರಿಸಲಿಲ್ಲ. “ಇವೆರಡಕ್ಕೂ ವಿಷ ಇಲ್ಲ. ಅಂಜೂದು ಬ್ಯಾಡ. ಮುಂದ.” ನನಗೆ ಬಾಯಿದ್ದಿದ್ದರೆ ಅಲ್ಲೇ ಕಾರಿಕೊಳ್ಳುತ್ತಿದ್ದೆ. ಹೆಂಗಸರು ಮೊಬೈಲು ಎತ್ತಿ ಫೋಟೋ ತೆಗೆದುಕೊಂಡರು. ಬೇಲೂರಹಟ್ಟಿಯ ಆಶಾ ಕಾರ್ಯಕರ್ತೆ ಹನಮವ್ವನೂ ತೆಗೆದುಕೊಂಡಳು. ಆ ಫೋಟೋದಲ್ಲಿ ನನ್ನದೊಂದು ತುಂಡು ಅವಳ ಮೊಬೈಲು ಸೇರಿತು.

ಕೆಲವು ದಿನಗಳ ಮೇಲೆ ಹನಮವ್ವನ ಮೈದುನ ಭರಮಪ್ಪ ಬೆಳಗ್ಗೆ ಮೇವಿನ ರಾಶಿ ಎಳೆಯುವಾಗ ಒಳಗೆ ಹಾವು ಕಂಡಿತು. ಅವನು ಕೋಲು ಹುಡುಕಿದ. ಹನಮವ್ವ ಮೊಬೈಲು ತೆಗೆದು ನನ್ನನ್ನು ನೋಡಿದಳು, ಹಾವನ್ನು ನೋಡಿದಳು.

“ಬಡೀಬ್ಯಾಡೋ ತಮ್ಮಾ, ಇದಕ್ಕ ವಿಷ ಇಲ್ಲ. ಟ್ರೇನಿಂಗಿನ್ಯಾಗ ಹೇಳ್ಯಾರ. ಹಿಡದು ಹೊರಗ ಒಗಿ” ಎಂದಳು.

ಅವನು ಬರಿಗೈಯಲ್ಲಿ ಎತ್ತಿದ. ಅದು ಕಚ್ಚಿದಾಗ ಬೆರಳಿಗೆ ಸೂಜಿ ಚುಚ್ಚಿದಷ್ಟೂ ನೋವಾಗಲಿಲ್ಲವಂತೆ. ಮಧ್ಯಾಹ್ನದ ಹೊತ್ತಿಗೆ ಊಟದ ಮುಂದೆ ಕೂತವನು ಕಣ್ಣು ತೆರೆಯಲಾರದೆ ಒದ್ದಾಡಿದ. ಹನಮವ್ವ ಒಂದು ಕ್ಷಣವೂ ಕಾಯದೆ ಟಂಟಂ ಗಾಡಿ ಹಿಡಿದು ಸಿರಗಾಪುರಕ್ಕೆ ತಂದಳು. ಡಾಕ್ಟರ್ ಹಾವಿನ ಮದ್ದು ಕೊಟ್ಟು, ಉಸಿರಾಟಕ್ಕೆ ನಳಿಕೆ ಹಾಕಿ ಜಿಲ್ಲಾಸ್ಪತ್ರೆಗೆ ಕಳಿಸಿದ ಮೇಲೆ ಅವಳತ್ತ ತಿರುಗಿದರು.

“ಹನಮವ್ವ, ನೀ ಆಶಾ ಇದ್ದಾಕಿ. ಕೈಲೆ ಹಿಡಿ ಅಂತ ಹೆಂಗ ಹೇಳಿದಿ?”

ಹನಮವ್ವ ಮೊಬೈಲು ಮುಂದೆ ಹಿಡಿದಳು. “ನೀವ ಬರದದ್ದಲ್ಲೇನ್ರೀ ಬಾಯಾರ?”

ಡಾಕ್ಟರ್ ನನ್ನನ್ನು ನೋಡಿದರು. ಹುಟ್ಟಿಸಿದವರ ಕಣ್ಣಲ್ಲಿ ನನ್ನ ಬಗ್ಗೆ ಅಂಥ ಜಿಗುಪ್ಸೆ ನೋಡಬೇಕಾಗಿ ಬಂತಲ್ಲ, ಅದಕ್ಕಿಂತ ಆ ವೆಬ್‌ಸೈಟು ವಾಸಿಯಾಗಿತ್ತು.

ಮರುದಿನ ಅವರು ನೇರವಾಗಿ ಅಂಗಡಿಯವರ ಕಚೇರಿಗೆ ಬಂದರು.

“ಅಕ್ಷರ ಒಂದೀಟು ಸರದಾವ ಮೇಡಂ” ಎಂದರು ಅಂಗಡಿಯವರು. “ಅದು ಕಂಪ್ಯೂಟರ್ ಮಾಡಿದ್ದು. ಚಾ ತರಸ್ಲಿ?”

“ಬ್ಯಾಡ. ಎದ್ದೇಳ್ರಿ, ಆ ಕುರ್ಚಿ ಬೇಕು ನನಗ.”

ಡಾಕ್ಟರ್ ಮೌಸನ್ನು ಒರೆಸಿ, ಇನ್ನೊಮ್ಮೆ ಒರೆಸಿ ಕೂತರು. ಮೊದಲು ಸ್ಲೈಡುಗಳಿಗೆ ಹಳೆಯ ಅಗಲ ಕೊಟ್ಟರು. ನನ್ನ ಮೈಮೇಲಿದ್ದ ಲೋಳೆ ಚಿತ್ರಗಳನ್ನು ಕಿತ್ತುಹಾಕಿ, ತಾವು ತೆಗೆದಿದ್ದ ಮೂಲ ಫೋಟೋಗಳನ್ನೇ ತಂದು ಕೂರಿಸಿದರು. ಹಾವಿನ ಸುತ್ತಲಿನ ಖಾಲಿ ಜಾಗ ಕತ್ತರಿಸಿದರು. ಫಾಂಟನ್ನು ಫೈಲಿನೊಳಗೇ ಸೇರಿಸಿದರು. ಹಾವಿನ ಹೆಸರನ್ನೂ ಎಚ್ಚರಿಕೆಯನ್ನೂ ಚಿತ್ರದ ಮೇಲೆಯೇ ಬರೆದು ಒಂದೇ ಚಿತ್ರವಾಗಿ ಉಳಿಸಿದರು. ಇನ್ನು ಯಾರು ಎಷ್ಟು ಹಿಂಡಿದರೂ ಹಾವು ತನ್ನ ಹೆಸರು ಬಿಟ್ಟು ಹೋಗುವಂತಿರಲಿಲ್ಲ.

ಆಮೇಲೆ ದೀಪದ ಫೋಟೋ ಅಳಿಸಿದರು. ಎರಡೂ ಶಾಲುಗಳನ್ನು ಅಳಿಸಿದರು. ಮೊದಲ ಸ್ಲೈಡಿನ ಮುಖದ ಮೇಲೆ ಮೌಸಿನ ಬಾಣ ಬಂದು ನಿಂತಿತು.

“ಅದು ನಂದು ರೀ” ಎಂದರು ಅಂಗಡಿಯವರು.

“ಗೊತ್ತೈತಿ. ಭಾರ ಆಗಿದ್ದು ಅದ.”

ಆ ಮುಖ ಹೋದ ಮೇಲೆ ನನ್ನನ್ನು ಹಿಂಡುವ ಅಗತ್ಯವೇ ಬೀಳಲಿಲ್ಲ. ಡಾಕ್ಟರ್ ಪಕ್ಕದ ಕಂಪ್ಯೂಟರಿನಲ್ಲಿ ನನ್ನನ್ನು ತೆರೆದು, ಅಂಗಡಿಯವರನ್ನು ಎದುರಿಗೆ ನಿಲ್ಲಿಸಿ, ಪ್ರತಿ ಸ್ಲೈಡನ್ನೂ ಅವರ ಬಾಯಿಂದಲೇ ಓದಿಸಿದರು. ಓದುತ್ತ ಅವರು ಎರಡು ಸಲ ಗಡಿಯಾರ ನೋಡಿಕೊಂಡರು. ಭರಮಪ್ಪ ಹೇಗಿದ್ದಾನೆಂದು ಒಮ್ಮೆಯೂ ಕೇಳಲಿಲ್ಲ. ಗುಟ್ಕಾದ ಬುಟ್ಟಿಯೂ ನನಗೆ ಅವರಷ್ಟು ಅಸಹ್ಯವೆನಿಸಲಿಲ್ಲ.

ಭರಮಪ್ಪ ಬದುಕಿದ. ಬಹಳ ದಿನ ಯಂತ್ರದ ಉಸಿರು ಎಳೆದು, ಸೊರಗಿ ಮನೆಗೆ ಬಂದ. ಈಗಲೂ ಮೇವಿನ ರಾಶಿಗೆ ಕೈ ಹಾಕುವುದಿಲ್ಲವಂತೆ. ಹನಮವ್ವ ತಿದ್ದಿದ ನನ್ನನ್ನು ಹಿಡಿದು ಮನೆಮನೆ ಸುತ್ತಿದಳು. “ಮದಲ ನಾ ತೋರ್ಸಿದ್ದು ತಪ್ಪೈತಿ, ಅಳಿಸಿಬಿಡ್ರಿ” ಎಂದು ಬೇಡಿಕೊಂಡಳು. ಕೆಲವರು ಅಳಿಸಿದರು.

ಈಗ ನನಗೆ ವಯಸ್ಸಾಗಿದೆ. ತರಬೇತಿಗೆ ವಿಡಿಯೋ ಬಂದಿದೆ, ನನ್ನನ್ನು ಯಾರೂ ತೆರೆಯುವುದಿಲ್ಲ. ಡಾಕ್ಟರ ಕಂಪ್ಯೂಟರಿನ ಮೂಲೆಯ ಒಂದು ಫೋಲ್ಡರಿನಲ್ಲಿ ನೆಟ್ಟಗೆ, ಸ್ವಚ್ಛವಾಗಿ ಮಲಗಿದ್ದೇನೆ. ನನ್ನ ಹಿಂಡಿದ ತುಂಡಿಗೆ ಮಾತ್ರ ಮುಪ್ಪಿಲ್ಲ. ಮೊಬೈಲಿಂದ ಮೊಬೈಲಿಗೆ ಅದು ಓಡಾಡುತ್ತಲೇ ಇದೆ. ಮೊನ್ನೆ ಯಾರೋ ಅದಕ್ಕೆ ಗುಲಾಬಿಯ ಅಂಚು ಕಟ್ಟಿ, ಮೇಲೆ ‘ಶುಭೋದಯ’ ಎಂದು ಬರೆದು ಬೇಲೂರಹಟ್ಟಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಹನಮವ್ವ ಕೂಡಲೇ ‘ಇದು ತಪ್ಪು, ಎಡಗಡೆಯದು ವಿಷದ ಹಾವು, ಎಲ್ಲರೂ ಅಳಿಸಿರಿ’ ಎಂದು ಬರೆದಳು. ಅವಳ ಮಾತಿನ ಕೆಳಗೆ ಹತ್ತಾರು ಜನ ಕೈಮುಗಿದ ಚಿತ್ರ ಒತ್ತಿದರು. ಹಾಕಿದವನೂ ಒತ್ತಿದ. ಹಾವು ಅಲ್ಲೇ ಇದೆ.