ಕಮಲಾವತಿ ಕಾದ ಸ್ನಾನ

ಒಂದಾನೊಂದು ಕಾಲ. ತುಂಬ ಹಿಂದಿನದ್ದೇನಲ್ಲ, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ನಮ್ಮದೇ ಕಾಲ. ಐವರ್ನಾಡಿನ ಒಂದು ಬೈಲಿನಲ್ಲಿ ಕಮಲಾವತಿ ಎಂಬ ಅಜ್ಜಿಯಿದ್ದಳು. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಅವಳು ನೀರು ಹೊಯ್ದರೆ ಹಟದ ಕೂಸೂ ನಿದ್ದೆಗೆ ಜಾರುತ್ತಿತ್ತು. ಅವಳ ಕೈಯಲ್ಲಿ ಮೀಯದ ಮಗು ಆ ಬೈಲಿನಲ್ಲೇ ಇರಲಿಲ್ಲ.

ಅವಳ ತೋಟದ ಪಂಪ್‌ಶೆಡ್ಡಿನ ಹತ್ತಿರ ಮಾತ್ರ ಮೊಬೈಲಿಗೆ ಸರಿಯಾಗಿ ನೆಟ್‌ವರ್ಕ್ ಸಿಗುತ್ತಿತ್ತು. ಆಶಾ ಕಾರ್ಯಕರ್ತೆ ಸೇವಂತಿ ಶುಕ್ರವಾರ ಮಧ್ಯಾಹ್ನ ಅಲ್ಲಿಗೆ ಬಂದು ಇಯರ್‌ಫೋನ್ ಸಿಕ್ಕಿಸಿ ಕೂರುತ್ತಿದ್ದಳು.

"ಎಂತ ಮಾರಾಯ್ತಿ, ನಿನ್ನ ಸೀರಿಯಲ್ ಇನ್ನೂ ಮುಗೀಲಿಲ್ವಾ?"

"ಸೀರಿಯಲ್ ಅಲ್ಲ ಕಮಲಕ್ಕ, ಕ್ಲಾಸು. ಡಾಕ್ಟ್ರು ಕಲಿಸುದು. ನಮ್ಮ ಹಾಗೆ ಮನೆ ಮನೆ ತಿರುಗುವವರು, ಬೇರೆ ದೇಶದವರೂ ಇದ್ದಾರೆ ಇದರಲ್ಲಿ."

"ಮೊಬೈಲು ನೋಡಿ ಮಗು ಸಾಕ್ಲಿಕ್ಕೆ ಬರ್ತದಾ? ಹಾಗಾದ್ರೆ ಊಟವೂ ಅದರಲ್ಲೇ ಮಾಡು!"

ಹೀಗಿರುವಾಗ ಅಜ್ಜಿಯ ಮಗಳು ಭವಿತಾ ಹೆರಿಗೆ ಮುಗಿಸಿ ತವರಿಗೆ ಬಂದಳು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು, ತೀರಾ ಸಣ್ಣದು. "ತೂಕ ಏರುವವರೆಗೆ ಮೀಯಿಸಬೇಡಿ" ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಆದರೆ ಊರ ಮಕ್ಕಳನ್ನೆಲ್ಲ ಮೀಯಿಸಿದ ಕೈ ಸುಮ್ಮನಿರುತ್ತದೆಯೇ? ಸ್ವಂತ ಮೊಮ್ಮಗಳಿಗೇ ಸ್ನಾನ ಇಲ್ಲವೆಂದರೆ ನೆರೆಕರೆಯವರು ಏನೆಂದಾರು? ಮರುದಿನ ಬೆಳಿಗ್ಗೆ ಅಜ್ಜಿ ಹಂಡೆಗೆ ಬೆಂಕಿ ಹಾಕಿಯೇಬಿಟ್ಟಳು.

ಮಿಂದ ಮಗು ಮಲಗಿತು. ಹಾಲಿಗೂ ಏಳಲಿಲ್ಲ.

ಮನೆಭೇಟಿಗೆ ಬಂದ ಸೇವಂತಿ ಮಗುವಿನ ಪಾದ ಮುಟ್ಟಿ ಬೆಚ್ಚಿದಳು. "ಅಯ್ಯೋ, ಇಷ್ಟು ತಣ್ಣಗೆ ಉಂಟಲ್ಲ! ಹಾಲು ಎಳೀತದಾ?"

"ಇಲ್ಲಕ್ಕ, ಎಬ್ಬಿಸಿದ್ರೂ ಬಾಯಿ ತೆರೆಯುದಿಲ್ಲ." ಭವಿತಾ ಮಗುವಿನ ಕೆನ್ನೆ ತಟ್ಟಿದಳು.

"ಕೆಂಡ ತರ್ತೇನೆ, ಮಂಚದ ಕೆಳಗೆ ಇಡುವ" ಎಂದಳು ಅಜ್ಜಿ.

"ಬೇಡ ಕಮಲಕ್ಕ, ಹೊಗೆ ಕುಡಿದ್ರೆ ಇನ್ನೂ ಕಷ್ಟ." ಸೇವಂತಿ ಪಂಪ್‌ಶೆಡ್ಡಿನ ಹತ್ತಿರ ಓಡಿ, ೧೦೮ ಆಂಬುಲೆನ್ಸಿಗೆ ಫೋನು ಮಾಡಿ ಬಂದಳು. ಮಗುವಿನ ತಲೆಗೆ ಟೊಪ್ಪಿ ಹಾಕಿ, ಮೈಮೇಲಿನ ಬಟ್ಟೆ ಬಿಚ್ಚತೊಡಗಿದಳು.

"ಚಳಿಯಾದ ಮಗುವಿನ ಬಟ್ಟೆ ಬಿಚ್ಚುದಾ! ಕೊಲ್ಲುದಾ ನೀನು?" ಅಜ್ಜಿ ಕೈ ಅಡ್ಡ ಹಿಡಿದಳು.

ಸೇವಂತಿ ಮೊಬೈಲಿನಲ್ಲಿ ಇಳಿಸಿಟ್ಟಿದ್ದ ಕ್ಲಾಸಿನ ವಿಡಿಯೊ ತೆರೆದು ಅವಳೆದುರು ಹಿಡಿದಳು. ಆಫ್ರಿಕಾದ ಯಾವುದೋ ಹಳ್ಳಿ. ಬಾಣಂತಿಯೊಬ್ಬಳು ಪುಟ್ಟ ಕೂಸನ್ನು ಬರಿಯ ಎದೆಗೆ ಒರಗಿಸಿ, ಬಟ್ಟೆ ಸುತ್ತಿ ಕಟ್ಟಿಕೊಂಡಿದ್ದಾಳೆ.

"ಅವಳ ಪಕ್ಕದ ಆ ಮುದುಕಿ ಯಾರು, ಮುಖ ಊದಿಸಿಕೊಂಡು?"

"ಆ ಹುಡುಗಿಯ ಅಮ್ಮ. ಅವರಿಗೂ ನಿಮ್ಮ ಹಾಗೇ ಸಿಟ್ಟು ಬಂದಿತ್ತಂತೆ. ತಾಯಿಯ ಮೈಬಿಸಿಗಿಂತ ದೊಡ್ಡ ಬೆಂಕಿ ಇಲ್ಲ ಕಮಲಕ್ಕ. ಗೊಂಬೆಯನ್ನು ಎದೆಗೆ ಕಟ್ಟಿ ಕಟ್ಟಿ ಕಲ್ತಿದ್ದೇನೆ, ಬಿಡಿ."

ಅಜ್ಜಿ ಆ ಮುದುಕಿಯ ಮುಖವನ್ನೇ ನೋಡಿದಳು. ಮೆಲ್ಲಗೆ ಕೈ ತೆಗೆದು, ತನ್ನ ಹಳೆಯ ನೂಲಿನ ಸೀರೆ ತಂದಳು. "ಗಂಟು ಎಲ್ಲಿ ಹಾಕುದು?"

ಮೂಗು, ಬಾಯಿ ಮುಚ್ಚದಂತೆ ತಲೆಯನ್ನು ಒಂದು ಬದಿಗೆ ತಿರುಗಿಸಿ ಇಬ್ಬರೂ ಸೇರಿ ಮಗುವನ್ನು ಭವಿತಾಳ ಎದೆಗೆ ಕಟ್ಟಿದರು.

"ಇನ್ನು ನಾನು ಇದನ್ನು ಮೀಯಿಸುದೇ ಬೇಡವಾ?" ಗಂಟು ಮುಟ್ಟಿ ನೋಡುತ್ತ ಅಜ್ಜಿ ಕೇಳಿದಳು.

"ಡಾಕ್ಟ್ರು ಹೇಳಿದ ದಿನ, ನಿಮ್ಮ ಕೈಯಲ್ಲೇ. ಮಾತು ಕೊಡ್ತೇನೆ."

ಆಂಬುಲೆನ್ಸ್ ಸುಳ್ಯದ ಆಸ್ಪತ್ರೆ ಮುಟ್ಟುವಾಗ ಮಗುವಿನ ಪಾದ ಬಿಸಿಯೇರಿತ್ತು. "ಹೀಗೆ ಕಟ್ಟಿಕೊಂಡು ಬಂದದ್ದೇ ಒಳ್ಳೆದಾಯ್ತು" ಎಂದರು ಡಾಕ್ಟರು. ಕೆಲವು ದಿನ ಅಲ್ಲೇ ಇರಿಸಿಕೊಂಡು ನೋಡಿಕೊಂಡರು.

ಮನೆಗೆ ಬಂದ ಮೇಲೂ ಎದೆಗೆ ಕಟ್ಟುವುದು ನಿಲ್ಲಲಿಲ್ಲ. ಭವಿತಾ ಉಣ್ಣುವಾಗ "ಇಲ್ಲಿ ಕೊಡು, ನನ್ನ ಮೈಯಲ್ಲೂ ಬಿಸಿ ಉಂಟು" ಎಂದು ಅಜ್ಜಿ ತಾನೇ ಕಟ್ಟಿಕೊಳ್ಳುತ್ತಿದ್ದಳು. ಶುಕ್ರವಾರ ಯಾರಾದರೂ ಪಂಪು ಹಾಕಲು ಹೋದರೆ, "ಈಗ ಬೇಡ ಮಾರಾಯ, ಆ ಸದ್ದಿಗೆ ಕೇಳುದಿಲ್ಲ, ಸೇವಂತಿಯ ಕ್ಲಾಸು ಉಂಟು!" ಎಂದು ಗದರುತ್ತಿದ್ದಳು.

ಮಗುವಿನ ಕೆನ್ನೆ ತುಂಬಿತು. ಕೊನೆಗೂ ಡಾಕ್ಟರು ಹೂಂ ಅಂದರು. ಬಿಸಿಲೇರಿದ ಮೇಲೆ, ಗಾಳಿಯಾಡದ ಬಚ್ಚಲಲ್ಲಿ ಅಜ್ಜಿ ಕಾಲು ನೀಡಿ ಕೂತಳು. ಎಣ್ಣೆಯ ಬೆರಳು ಅಭ್ಯಾಸಬಲದಿಂದ ಮಗುವಿನ ಮೂಗಿನ ಕಡೆ ಹೊರಟಿತು. ಸೇವಂತಿ ಬಾಯಿ ತೆರೆಯುವ ಮೊದಲೇ, "ಗೊತ್ತುಂಟು, ಮೂಗಿಗೆ, ಕಿವಿಗೆ ಎಣ್ಣೆ ಇಲ್ಲ" ಎಂದು ನಕ್ಕು, ಉಗುರುಬೆಚ್ಚಗಿನ ನೀರು ಹೊಯ್ದಳು. ಮಗು ಮಿಂದಿತು.

ಅಕ್ಕಂದಿರೇ, ತಾಯಂದಿರೇ, ಎಳೆಯ ಮಗುವಿನ ಪಾದ ತಣ್ಣಗಾದರೆ, ಹಾಲು ಎಳೆಯದಿದ್ದರೆ ತಡಮಾಡಬೇಡಿ. ಎದೆಗೆ ಕಟ್ಟಿಕೊಂಡು ಆಸ್ಪತ್ರೆಗೆ ಹೊರಡಿ. ನಿಮ್ಮೂರ ಆಶಾ ಅಕ್ಕ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದರೆ ನಗಬೇಡಿ. ನೆಟ್‌ವರ್ಕ್ ಸಿಗುವ ಜಗಲಿಯಲ್ಲಿ ಅವಳಿಗೊಂದು ಜಾಗ ಕೊಡಿ. ಅವಳು ಕಲಿಯುವುದು ನಿಮ್ಮ ಮನೆಯ ಕೂಸಿಗಾಗಿ.