ಕಿವಿಯೊಳಗಿನ ಅತ್ತಿಗೆ

"ನಾನು ಯಾವಾಗ ಹೀಗಂದೆ?"

ಅತ್ತಿಗೆ ಕೇಳಿದ್ದು ಜೋರಾಗಿಯೇ. ಕೇಳಿಸಿಕೊಳ್ಳುವವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಎರಡು ಬದಿಗೂ ತಲೆಗಿಂತ ಎತ್ತರದ ಕಬ್ಬಿಣದ ಕಪಾಟುಗಳು. ಅವುಗಳ ಹೊಟ್ಟೆಯಲ್ಲಿ ಜನ ಮನೆಯಲ್ಲೇ ಕೂತು ಫೋನಿನ ಮೇಲೆ ಬೆರಳಾಡಿಸಿ ಕೊಂಡ ಸಾಮಾನು: ಶಾಂಪೂ, ಚಾರ್ಜರು, ಮಕ್ಕಳ ಬೂಟು, ನಾಯಿಯ ಬೆಲ್ಟು. ಅಲ್ಲಿನ ದೀಪಗಳು ಮನುಷ್ಯರು ಬಂದಾಗ ಮಾತ್ರ ಹತ್ತಿಕೊಂಡು, ದಾಟಿದ ಕೂಡಲೇ ಆರಿಹೋಗುತ್ತಿದ್ದವು. ಹಿಂದೆ ಕತ್ತಲು, ಮುಂದೆ ಕತ್ತಲು, ನಡುವೆ ತಳ್ಳುಗಾಡಿ ಹಿಡಿದು ನಿಂತವಳು ಅವಳೊಬ್ಬಳೇ.

"ಅರ್ಥವಾಗಲಿಲ್ಲ," ಎಂದಿತು ಹೆಡ್‌ಫೋನಿನೊಳಗಿನ ದನಿ. "ಕಪಾಟಿನ ಪದ ಹೇಳಿ."

ಅದು ಅವಳದೇ ದನಿ.

"ಕೊಡೆ," ಎಂದಳು ಅತ್ತಿಗೆ.

"ಸರಿ. ಎರಡು ತೆಗೆದುಕೊಳ್ಳಿ."

ತೆಗೆದುಕೊಂಡಳು. ಆದರೆ ಕ್ಷಣದ ಹಿಂದೆ, ಮಂಡಿ ನೋವಿಗೆ ಅವಳು ಕಪಾಟಿಗೊಂದಿಷ್ಟು ಒರಗಿದಾಗ, ಇದೇ ದನಿ ಬೇರೊಂದು ಮಾತು ಹೇಳಿತ್ತು. "ದೇವರಿದ್ದಾನೆ, ನಡಿ ಚಿನ್ನ." ಆ ಮಾತನ್ನು ಅವಳು ರೆಕಾರ್ಡಿಂಗ್ ಕೋಣೆಯಲ್ಲಿ ಹೇಳಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಗೋದಾಮಿನಲ್ಲಿ ಸಾಮಾನು ಹೆಕ್ಕುವವರ ಕೈಗೆ ಕಾಗದ ಕೊಡುವುದಿಲ್ಲ. ಕಿವಿಗೆ ಹೆಡ್‌ಫೋನು, ಬಾಯ ಮುಂದೆ ಪುಟ್ಟ ಮೈಕು. ಯಾವ ಸಾಲಿಗೆ ಹೋಗಬೇಕು, ಯಾವ ಕಪಾಟಿನ ಮುಂದೆ ನಿಲ್ಲಬೇಕು ಎಂದು ದನಿ ಹೇಳುತ್ತದೆ. ಪ್ರತಿ ಕಪಾಟಿನ ಮೇಲೂ ಒಂದು ಪದ ಅಂಟಿಸಿರುತ್ತಾರೆ, ಗಿಳಿ, ಬಾಣ, ಕೊಡೆ, ಹಾಲು ಎಂದು. ಬಂದವರು ಅದನ್ನು ಓದಿ ಹೇಳಿದರೆ ಸರಿಯಾದ ಜಾಗಕ್ಕೇ ಬಂದಿದ್ದಾರೆಂದು ದನಿಗೆ ತಿಳಿಯುತ್ತದೆ. ಎಷ್ಟು ಎಂದು ಅದು ಹೇಳುತ್ತದೆ. ತೆಗೆದು "ಆಯ್ತು" ಎಂದರೆ ಮುಂದಿನ ಸಾಲು. ಬೆಳಗಿನಿಂದ ಸಂಜೆಯವರೆಗೆ ಇದೇ ಸಂಭಾಷಣೆ. ಬಾಯಿಪಾಠ ಮಾಡಿಕೊಂಡು ನಿಂತಲ್ಲಿಂದಲೇ ಹೇಳಿಬಿಡುತ್ತಾರೆಂದು ಆಗಾಗ ಪದಗಳನ್ನು ಬದಲಾಯಿಸುತ್ತಾರೆ. ನಿನ್ನೆ ಗಿಳಿಯಿದ್ದ ಕಡೆ ಇವತ್ತು ಬಾಣ.

ಮೊದಲಿದ್ದದ್ದು ಯಂತ್ರದ ದನಿ. ಕೆಲಸದವರು ಅದಕ್ಕೆ ತಗಡು ಎಂದು ಹೆಸರಿಟ್ಟಿದ್ದರು. ತಗಡು "ಬೇಗ ನಡೆಯಿರಿ" ಎಂದರೆ "ನಿಮ್ಮಪ್ಪನ್ನ ಕರ್ಕೊಂಡ್ ಬಾ" ಎಂದು ಬೈದು, ನೀರು ಕುಡಿದು, ಬೆವರು ಒರೆಸಿಕೊಂಡು, ಆಮೇಲೆ ನಡೆಯುತ್ತಿದ್ದರು. ಮಹಡಿಯ ಮೇಲಿನವರಿಗೆ ಇದು ಸರಿಬರಲಿಲ್ಲ. ಮನುಷ್ಯರ ದನಿ ಹುಡುಕಿದರು. ಕಂಪನಿಯವರು ಅತ್ತಿಗೆಯ ಹತ್ತಿರ ಬಂದದ್ದರಲ್ಲಿ ಆಶ್ಚರ್ಯವೇನಿರಲಿಲ್ಲ. ಅವಳ ನಾದಿನಿಯೂ ಅಲ್ಲೇ ಕೆಲಸಕ್ಕಿದ್ದಳು. ಅವಳು ಅತ್ತಿಗೆ ಎಂದು ಕರೆದದ್ದನ್ನು ಕೇಳಿ ಇಡೀ ಗೋದಾಮೇ ಅತ್ತಿಗೆ ಎನ್ನತೊಡಗಿತ್ತು. ಹೊಸಬರು ಬಂದರೆ ಕೆಲಸ ಹೇಳಿಕೊಡುತ್ತಿದ್ದವಳೂ ಅವಳೇ. ಜೊತೆಗೆ ಆ ಕಂಠ. ಅವಳಪ್ಪ ದಿನಾ ಸಂಜೆ ಕಾವ್ಯ ಓದುತ್ತಿದ್ದ ಮನುಷ್ಯ. ಪಕ್ಕದಲ್ಲಿ ಕೂತು ಕೇಳಿ ಕೇಳಿ, ಸಾಲನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು, ಎಲ್ಲಿ ಉಸಿರು ತೆಗೆದುಕೊಂಡರೆ ಅರ್ಥ ಮುರಿಯುವುದಿಲ್ಲ ಎಂಬುದು ಅವಳ ನಾಲಿಗೆಗೆ ಹತ್ತಿಬಿಟ್ಟಿತ್ತು.

ಗೋಡೆಗೆಲ್ಲ ಸ್ಪಂಜು ಬಡಿದ ಸಣ್ಣ ಕೋಣೆಯಲ್ಲಿ ಕೂರಿಸಿ ಪದಗಳನ್ನು ಓದಿಸಿದ್ದರು. ಹೋಗಿ, ಬನ್ನಿ, ಎಡಕ್ಕೆ, ಬಲಕ್ಕೆ, ನಡಿ, ಸ್ವಲ್ಪ, ಆಮೇಲೆ. ಕೊನೆಗೆ ರೆಕಾರ್ಡಿಂಗಿನವನು ಕೇಳಿದ್ದ:

"ಮನೇಲಿ ಚಿಕ್ಕೋರನ್ನ ಏನಂತ ಕರೀತೀರಿ?"

"ಚಿನ್ನ ಅಂತೀನಿ."

"ಅದನ್ನೂ ಒಂದಷ್ಟು ಸಲ ಹೇಳ್ಬಿಡಿ. ಪ್ರೀತಿಯಿಂದ."

ಹೇಳಿದ್ದಳು. ಆದರೆ "ದೇವರಿದ್ದಾನೆ" ಎನ್ನುವುದನ್ನು ಹೇಳಿರಲಿಲ್ಲ. ಅದು ಅವಳು ನೋವಾದಾಗ ತನ್ನಷ್ಟಕ್ಕೆ, ತುಟಿಯೊಳಗೇ ಅಂದುಕೊಳ್ಳುವ ಮಾತು.

ಊಟದ ಕೋಣೆಯಲ್ಲಿ ಡಬ್ಬಿ ತೆರೆಯುತ್ತಿದ್ದಾಗ, ಪೆಟ್ಟಿಗೆಗಳಿಗೆ ಟೇಪು ಅಂಟಿಸುವ ಟೇಪಣ್ಣ ಎದುರಿಗೆ ಬಂದು ಕೂತ. ಜನ ಕಡಿಮೆಯಿದ್ದ ದಿನಗಳಲ್ಲಿ ಅವನನ್ನೂ ಹೆಕ್ಕಲು ಕಳಿಸುತ್ತಿದ್ದರು.

"ಅತ್ತಿಗೆ, ಮದುವೆಯಾಗಿ ಇಷ್ಟು ವರ್ಷ ಆಯ್ತು, ನಮ್ಮನೆಯವಳು ಒಂದ್ಸಲ ನನ್ನ ಚಿನ್ನ ಅಂದಿಲ್ಲ. ನೀವು ಬೆಳಿಗ್ಗೆಯಿಂದ ಬಿಟ್ಟೂಬಿಡದೆ ಅಂತಿದ್ದೀರಿ. ಅವಳಿಗೆ ಗೊತ್ತಾದ್ರೆ ನನ್ನ ಗತಿಯೇನು?"

ಪಕ್ಕದ ಮೇಜಿನವರು ನಕ್ಕರು. ಅತ್ತಿಗೆ ನಗಲಿಲ್ಲ.

"ಬೇರೆ ಏನಂತದೆ ಅದು ನಿನಗೆ?"

"ನನಗಾ? 'ನಿಮ್ಮಂಥವರು ಇದ್ದಾರಂತ ಈ ಕೆಲಸ ನಡೀತಿದೆ' ಅಂತದೆ." ಟೇಪಣ್ಣ ಡಬ್ಬಿಯ ಮುಚ್ಚಳ ತಿರುವುತ್ತಾ ಇದ್ದ. "ಒಂದು ಮಾತು ಹೇಳ್ಲಾ? ನಿನ್ನೆ ನೀರು ಕುಡಿಯೋಣಂತ ನಿಂತೆ. 'ಬಾಯಾರಿಕೆ ಆಮೇಲೆ ಚಿನ್ನ, ಇನ್ನೊಂದೇ ಒಂದು' ಅಂದ್ರಿ. ನಡೆದ್ಬಿಟ್ಟೆ. ತಗಡು ಅಂದಿದ್ರೆ ಬೇಕಂತಲೇ ಇನ್ನೊಂದು ಲೋಟ ಕುಡೀತಿದ್ದೆ. ನಿಮ್ಮ ಮಾತು ತೆಗೆದುಹಾಕೋಕೆ ಮನಸ್ಸು ಬರಲಿಲ್ಲ. ಸಂಜೆ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು."

"ನಾನು ಅನ್ನಲಿಲ್ಲ ಕಣೋ."

"ಗೊತ್ತು, ಗೊತ್ತು. ಕಾಲಿಗೆ ಗೊತ್ತಾಗಬೇಕಲ್ಲ."

ಅತ್ತಿಗೆ ತುತ್ತು ಕೈಯಲ್ಲೇ ಹಿಡಿದು ಕೇಳಿದಳು. "ದೇವರಿದ್ದಾನೆ ಅಂತದೆ ನಂಗೆ. ಅದನ್ನ ಆ ಕೋಣೇಲಿ ನಾನು ಹೇಳೇ ಇಲ್ಲ. ಎಲ್ಲಿಂದ ಬಂತು?"

ಟೇಪಣ್ಣ ಅವಳ ಕೊರಳಿಗೆ ಜೋತುಬಿದ್ದಿದ್ದ ಮೈಕನ್ನು ನೋಡಿದ. ಅವನ ಮುಖದ ತಮಾಷೆ ಅಲ್ಲಿಗೇ ನಿಂತಿತು.

"ಇದು ಬಾಯಿ ಹತ್ರಾನೇ ಇರ್ತದಲ್ಲ ಅತ್ತಿಗೆ. ಬರೀ ಗಿಳಿ, ಕೊಡೆ ಮಾತ್ರ ಕೇಳಿಸ್ಕೊಳ್ತದೆ ಅಂತ ನಮಗೆ ಯಾರು ಹೇಳಿದ್ರು?"

ಆ ಮಧ್ಯಾಹ್ನ ಅತ್ತಿಗೆ ಆ ದನಿಯನ್ನು ಕಿವಿಗೊಟ್ಟು ಕೇಳಿದಳು. ಒಳ್ಳೆಯ ಓದುಗಾರಿಕೆ ಕೇಳಿ ಬೆಳೆದ ಕಿವಿ ಅದು. ಏರಿಳಿತ ತನ್ನದೇ. ಎಳೆತವೂ ತನ್ನದೇ. ಆದರೆ ಸಾಲಿನಿಂದ ಸಾಲಿಗೆ, ಗಂಟೆಯಿಂದ ಗಂಟೆಗೆ, ಆ ದನಿ ಎಲ್ಲಿಯೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಳ್ಳಬೇಕಾದಲ್ಲೆಲ್ಲ ಬರಿಯ ಮೌನವಿತ್ತು. ಅಂದಿನಿಂದ ಅವಳು ಸಾಲುಗಳಲ್ಲಿ ದೇವರ ಹೆಸರು ತೆಗೆಯುವುದನ್ನು ಬಿಟ್ಟಳು. ನೋವು ಬಂದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳು.

ಅವಳ ನಿಜವಾದ ದಿಗಿಲು ತನ್ನದಲ್ಲ, ಗುಬ್ಬಿಯದು. ಗುಬ್ಬಿ ಎಂದರೆ ಅದೇ ನಾದಿನಿ, ಗಂಡನ ತಂಗಿ. ಇವಳು ಮದುವೆಯಾಗಿ ಬಂದಾಗ ತಾಯಿಯಿಲ್ಲದ, ತಲೆಗೂದಲು ಸಿಕ್ಕುಗಟ್ಟಿದ ಪುಟ್ಟ ಹುಡುಗಿ. ಇವಳೇ ಎಣ್ಣೆ ಹಚ್ಚಿ, ಬಾಚಿ, ಜಡೆ ಹಾಕಿ ದೊಡ್ಡವಳನ್ನಾಗಿ ಮಾಡಿದ್ದಳು. ಈಚೆಗೆ ಗುಬ್ಬಿಗೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟತೊಡಗಿ ಕಣ್ಣು ಕತ್ತಲೆ ಬರುತ್ತಿತ್ತು. ಒಮ್ಮೆ ತಳ್ಳುಗಾಡಿಯ ಮೇಲೇ ಕುಸಿದಿದ್ದಳು. ಡಾಕ್ಟರು ಬಿಡಿಸಿ ಹೇಳಿದ್ದರು: ಔಷಧಿ ಹಿಡಿಯುವ ತನಕ ಎಚ್ಚರವಾಗಿರಬೇಕು, ಎದೆ ಹಾರಲು ಶುರುವಾದ ಕೂಡಲೇ ಇದ್ದಲ್ಲೇ ಕೂರಬೇಕು, ಹಟ ಮಾಡಿ ನಡೆದರೆ ಮುಂದಿನ ಸಲ ಎದ್ದೇಳುತ್ತಾಳೆಂದು ಹೇಳಲಾಗದು.

ಒಂದು ಸಂಜೆ ಮನೆಯಲ್ಲಿ ಅತ್ತಿಗೆ ಒಲೆಯ ಮುಂದೆ ನಿಂತು ಕೂಗಿದಳು. "ಗುಬ್ಬೀ, ಮೇಲಿನ ಗೂಡಿನಿಂದ ಉಪ್ಪಿನ ಡಬ್ಬಿ ತಗೊಂಡ್ ಬಾ."

ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಗುಬ್ಬಿ ತಟ್ಟನೆ ಎದ್ದಳು. ಗೋಡೆಯ ಗೂಡಿನ ಮುಂದೆ ಹೋಗಿ ನೆಟ್ಟಗೆ ನಿಂತಳು. "ಹಾಲು," ಎಂದಳು ಸ್ಪಷ್ಟವಾಗಿ. ಒಂದು ಡಬ್ಬಿ ತೆಗೆದಳು. "ಆಯ್ತು." ಮತ್ತೆ ಅಲ್ಲೇ ನಿಂತಳು, ಮುಂದಿನ ಮಾತಿಗೆ ಕಾಯುತ್ತಾ.

ಬಾಗಿಲಲ್ಲಿದ್ದ ಗುಬ್ಬಿಯ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ಇದು ಮನೆ ಕಣೇ. ಉಪ್ಪು ಕೇಳಿದ್ರೆ ಹಾಲು ಅಂತೀಯಲ್ಲ."

ಗುಬ್ಬಿಯೂ ನಕ್ಕಳು. ಅತ್ತಿಗೆ ಒಲೆ ಆರಿಸಿದಳು. ತನ್ನ ದನಿ ಕಿವಿಗೆ ಬಿದ್ದೊಡನೆ ಆ ಕಾಲುಗಳು ತಮ್ಮಷ್ಟಕ್ಕೆ ತಾವೇ ಎದ್ದು ನಡೆದದ್ದನ್ನು ಅವಳು ಕಣ್ಣಾರೆ ನೋಡಿದ್ದಳು.

"ಇವತ್ತು ಎದೆ ಹಾರಿತಾ?" ಎಂದು ಕೇಳಿದಳು.

"ಸ್ವಲ್ಪ."

"ಕೂತೆಯಾ?"

ಗುಬ್ಬಿ ಡಬ್ಬಿಯ ಮೇಲಿನ ಧೂಳು ಒರೆಸತೊಡಗಿದಳು.

"ಕೇಳ್ತಿರೋದು ನಿನ್ನನ್ನೇ. ಕಿವಿಯಲ್ಲೇನು ಹತ್ತಿ ಇಟ್ಕೊಂಡಿದ್ದೀಯಾ? ಡಾಕ್ಟರು ಗೋಡೆಗೆ ಹೇಳಿದ್ರಾ ಅಷ್ಟು ಹೊತ್ತು?"

"ಕೂರೋಣ ಅಂದ್ಕೊಂಡೆ. 'ಇದೊಂದು ಸಾಲು ಮುಗಿಸಿ ಕೂರೋಣ, ನಾನಿದ್ದೀನಲ್ಲ' ಅಂತು. ಮುಗಿಸಿದ್ಮೇಲೆ ಇನ್ನೊಂದು ಸಾಲಿತ್ತು." ಗುಬ್ಬಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. "ರೇಗಬೇಡಿ ಅತ್ತಿಗೆ. ಇಡೀ ದಿನ ಎಷ್ಟು ಚೆನ್ನಾಗಿ ಮಾತಾಡಿಸ್ತೀರಿ, ಮನೆಗೆ ಬಂದ ಕೂಡಲೇ ಶುರು ಮಾಡ್ತೀರಿ."



ಮರುದಿನ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲೇ ಅವಳು ಪಾಳಿ ನೋಡಿಕೊಳ್ಳುವ ಲೀಡರನ ಗಾಜಿನ ಕೋಣೆಗೆ ಹೋದಳು. ಲೀಡರ್ ಒರಟನಲ್ಲ. ಎದ್ದು ನಿಂತು ಕುರ್ಚಿ ತೋರಿಸಿದ, ನೀರು ಕೊಟ್ಟ.

"ನನ್ನ ದನಿ ತೆಗೆದ್ಬಿಡಿ," ಎಂದಳು. "ನಾನು ಹೇಳದ ಮಾತೆಲ್ಲ ಹೇಳ್ತಿದೆ. ನನ್ನ ನಾದಿನಿಗೆ ಮೈ ಹುಷಾರಿಲ್ಲ ಅನ್ನೋದು ನಿಮಗೂ ಗೊತ್ತಿದೆ. ಕೂರೋಕೆ ಹೋದ್ರೆ ನಡಿ ಅಂತದೆ."

"ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ ಅತ್ತಿಗೆ." ಲೀಡರ್ ತಗ್ಗಿದ ದನಿಯಲ್ಲಿ, ತನಗೂ ಪೂರ್ತಿ ತಿಳಿಯದ್ದನ್ನು ಹೇಳುವವನಂತೆ ಹೇಳಿದ. "ನೀವು ಕೊಟ್ಟಿದ್ದು ದನಿ. ಯಾರಿಗೆ ಏನಂದ್ರೆ ನಡೀತಾರೆ ಅನ್ನೋದನ್ನ ಅದೇ ದಿನಾ ಕಂಡ್ಕೊಳ್ತದೆ. ಟೇಪಣ್ಣಂಗೆ ಹೊಗಳಿಕೆ. ನಿಮಗೆ ದೇವರು. ನಿಮ್ಮ ಗುಬ್ಬಿಗೆ..."

"ಗುಬ್ಬಿಗೆ?"

"ಗುಬ್ಬಿಗೆ ನೀವು."

ಅತ್ತಿಗೆ ನೀರಿನ ಲೋಟ ಕೆಳಗಿಟ್ಟಳು.

"ಬಲವಂತ ಯಾರಿಗೂ ಇಲ್ಲ," ಎಂದ ಲೀಡರ್. "ಯಾರು ಬೇಕಾದ್ರೂ ಬಂದು ನನಗೆ ಹಳೇ ದನೀನೇ ಹಾಕಿ ಅನ್ನಬಹುದು. ಅವರ ಬಾಯಿಂದಲೇ ಬರಬೇಕು, ಅಷ್ಟೇ. ಗುಬ್ಬಿ ಬಂದು ಒಂದು ಮಾತು ಹೇಳ್ಲಿ, ಈಗಿಂದೀಗಲೇ ತಗಡು ಹಾಕಿಕೊಡ್ತೀನಿ."

"ಇಲ್ಲೀವರೆಗೆ ಎಷ್ಟು ಜನ ಕೇಳಿದ್ದಾರೆ?"

ಲೀಡರ್ ಗಾಜಿನಾಚೆ ನೋಡಿದ. ಪಾಳಿ ಶುರುವಾಗಿ ಸಾಲುಗಳಲ್ಲಿ ಆಗಲೇ ದೀಪಗಳು ಹತ್ತಿಕೊಂಡು ಆರಿ, ಆರಿ ಹತ್ತಿಕೊಂಡು ಚಲಿಸುತ್ತಿದ್ದವು. ಯಾವ ದೀಪವೂ ಎಲ್ಲಿಯೂ ನಿಲ್ಲುತ್ತಿರಲಿಲ್ಲ.

"ಒಬ್ಬರೂ ಇಲ್ಲ," ಎಂದ.

ಅತ್ತಿಗೆ ಅಭ್ಯಾಸದಂತೆ ಹೆಡ್‌ಫೋನು ಕಿವಿಗೇರಿಸಿಕೊಂಡು, ತನ್ನ ತಳ್ಳುಗಾಡಿಯನ್ನು ಮುಟ್ಟದೆ ಸಾಲುಗಳ ನಡುವೆ ನಡೆದಳು. ಗುಬ್ಬಿ ಎಲ್ಲಿದ್ದಾಳೆಂದು ಕೇಳಲು ಯಾರೂ ಸಿಗಲಿಲ್ಲ. ಎದುರಾದವರೆಲ್ಲ ತಲೆಯಾಡಿಸಿ, ನಕ್ಕು, ತಮ್ಮ ಪದ ಹೇಳಿಕೊಂಡು ದಾಟಿ ಹೋಗುತ್ತಿದ್ದರು. ಅವಳ ಕಿವಿಯಲ್ಲಿ ಅವಳೇ ಕರೆಯುತ್ತಿದ್ದಳು. "ಬಲಕ್ಕೆ ಬನ್ನಿ. ಬಲಕ್ಕೆ ಬನ್ನಿ. ಏನಾಯ್ತು ಚಿನ್ನ?" ಹೆಡ್‌ಫೋನು ಕಿತ್ತು ಕಪಾಟಿನೊಳಕ್ಕೆ ತಳ್ಳಿದಳು. ಆಗ ಆ ಗೋದಾಮಿನ ನಿಜವಾದ ಸದ್ದು ಮೊದಲ ಸಲ ಕೇಳಿಸಿತು. ಚಕ್ರಗಳ ಕಿರಕಿರ, ಚಪ್ಪಲಿಗಳ ಉಜ್ಜಾಟ, ಅಲ್ಲಲ್ಲಿ ಕತ್ತಲೆಯೊಳಗಿಂದ ಒಂಟಿ ಒಂಟಿಯಾಗಿ ಮನುಷ್ಯರ ಬಾಯಿ: ಬಾಣ. ಗಿಳಿ. ಆಯ್ತು. ಹಾಲು. ಆಯ್ತು. ಯಾರೂ ಯಾರಿಗೂ ಹೇಳುತ್ತಿರಲಿಲ್ಲ.

ದೊಡ್ಡ ಪೆಟ್ಟಿಗೆಗಳ ಕೊನೆಯ ಸಾಲಿನಲ್ಲಿ ಒಂದು ದೀಪ ತೂಕಡಿಸುವವರಂತೆ ನಿಧಾನವಾಗಿ ಮುಂದೆ ಬರುತ್ತಿತ್ತು. ಗುಬ್ಬಿ. ಒಂದು ಕೈ ಗಾಡಿಯ ಹಿಡಿಯ ಮೇಲೆ, ಇನ್ನೊಂದು ಎದೆಯ ಮೇಲೆ. ತುಟಿ ಬಿಳಿಚಿತ್ತು. ಹಣೆಯ ಕೂದಲು ಬೆವರಿಗೆ ಅಂಟಿಕೊಂಡಿತ್ತು.

"ನಿಲ್ಲೇ," ಎಂದು ಅತ್ತಿಗೆ ಗಾಡಿಯ ಮುಂದೆ ಅಡ್ಡ ನಿಂತಳು. "ಕೂತ್ಕೊ. ಇಲ್ಲೇ ನೆಲದ ಮೇಲೆ."

ಗುಬ್ಬಿ ಒಂದು ಬೆರಳೆತ್ತಿದಳು, ಮಾತಿನ ನಡುವೆ ಬಾಯಿ ಹಾಕಿದವರನ್ನು ತಡೆಯುವಂತೆ. ಅವಳು ಬೇರೆಯವರ ಮಾತು ಕೇಳುತ್ತಿದ್ದಳು. ಅವಳ ಮುಖದಲ್ಲಿ ಸಣ್ಣ ನಗೆಯಿತ್ತು.

"ಗುಬ್ಬಿ, ನಾನು ಕಣೇ. ಇತ್ತ ನೋಡು. ಅಲ್ಲಿರೋದು ನಾನಲ್ಲ, ಇಲ್ಲಿರೋದು ನಾನು."

"ಗೊತ್ತು ಅತ್ತಿಗೆ." ಗುಬ್ಬಿ ಉಸಿರಿಗಾಗಿ ನಿಂತು ನಿಂತು ಹೇಳಿದಳು. "ನೀವು ಹೊಸದಾಗಿ ನಮ್ಮನೆಗೆ ಬಂದಾಗ ಹೀಗೇ ಮಾತಾಡ್ತಿದ್ರಿ. ಜಡೆ ಹಾಕೋವಾಗ. ಆಮೇಲೆ ಎಲ್ಲಿ ಹೋಯ್ತೋ ಅದು. ನಿಮ್ಮದೂ ತಪ್ಪಲ್ಲ, ದಣಿದು ಬರ್ತೀರಿ. ಇದು ದಣಿಯಲ್ಲ."

"ಅದಕ್ಕೇ ಹೇಳ್ತಿರೋದು, ಅದು ದಣಿಯಲ್ಲ. ನೀನು ದಣೀತೀಯ. ಇನ್ಮೇಲೆ ನಾನೇ ಮಾತಾಡಿಸ್ತೀನಿ, ದಿನಾ ಮಾತಾಡಿಸ್ತೀನಿ." ಕಾವ್ಯ ಕೇಳಿ ಬೆಳೆದ ಆ ಕಂಠ ಒಡೆದ ಮಡಕೆಯಂತೆ ಸದ್ದು ಮಾಡಿತು. "ಒಂದೇ ಒಂದು ಮಾತು. ನನ್ನ ಜೊತೆ ಗಾಜಿನ ಕೋಣೆಗೆ ಬಾ. ಹಳೇ ತಗಡು ಹಾಕಿ ಅನ್ನು. ಈಗ ಮೊದಲು ಅದನ್ನ ಕಿವಿಯಿಂದ ತೆಗಿ. ನಿನ್ನ ಕಾಲಿಗೆ ಬೀಳ್ತೀನಿ, ತೆಗಿ."

ಕೈ ಚಾಚಿದಳು. ಗುಬ್ಬಿ ಹೆಡ್‌ಫೋನನ್ನು ಎರಡೂ ಅಂಗೈಗಳಿಂದ ಕಿವಿಗೆ ಒತ್ತಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಹಿಂದಿನ ದೀಪ ಹತ್ತಿಕೊಂಡಿತು.

"ತೆಗೆಯಲ್ಲ," ಎಂದಳು.