ಕೈ ಹೋಯ್ತದೆ

ಇಂಗ್ಲಿಷಿನ ‘ಮೈಟ್’ ಎಂಬುದು ‘ಮೇ’ಗಿಂತ ಒಂದು ಮೆಟ್ಟಿಲು ಕೆಳಗೆ ಎಂದು ಬೋರ್ಡಿನ ಮೇಲೆ ಏಣಿ ಬರೆದು ಜುವೇರಿಯಾ ಎರಡು ಹೆಜ್ಜೆ ಹಿಂದೆ ಸರಿದಳು. ತುದಿಯಲ್ಲಿ ವಿಲ್: ಆಗಿಯೇ ಆಗುತ್ತದೆ. ನಡುವೆ ಮೇ: ಆಗಬಹುದು. ಕೆಳಗೆ ಮೈಟ್: ಆದರೂ ಆದೀತು. ಏಣಿ ಸೊಟ್ಟಗಿತ್ತು.

ಮುಂದಿನ ಬೆಂಚಿನ ಸಿರಿ ಎದ್ದು ನಿಂತಳು. ಆಗಿಯೇ ಆಗುತ್ತದೆ ಎಂದು ಗೊತ್ತಿದ್ದರೂ ಮೈಟ್ ಅನ್ನಬಹುದೇ ಎಂದು ಕೇಳಿದಳು. ಎದುರಿನವರಿಗೆ ಬೇಸರ ಆಗಬಾರದು ಎಂದರೆ ಅನ್ನಬಹುದು, ಅದು ವಿನಯ, ಎಂದಳು ಜುವೇರಿಯಾ. ನಲವತ್ತು ಜನ ತಲೆ ತಗ್ಗಿಸಿ ‘ವಿನಯ’ ಎಂದು ಬರೆದುಕೊಂಡರು. ತಾನು ಏನು ಹೇಳಿದರೂ ಇವರು ಬರೆದುಕೊಳ್ಳುತ್ತಾರೆ ಎನ್ನುವುದು ಮೊದಮೊದಲು ಖುಷಿ ಕೊಡುತ್ತಿತ್ತು. ಈಗ ಹನ್ನೊಂದು ವರ್ಷವಾಗಿದೆ.

ಶನಿವಾರ, ಅರ್ಧ ದಿನ. ಕಾಲೇಜು ಬಿಡುವಷ್ಟರಲ್ಲಿ ಮುನಿಕೃಷ್ಣನ ಫೋನು ಬಂತು. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಡಬ್ಬ ಮಾಡುವ ಫ್ಯಾಕ್ಟರಿಯೊಂದರಲ್ಲಿ ಅವನು ಎಚ್‌ಆರ್ ಮ್ಯಾನೇಜರು. ಒಂದೇ ಪುಟದ ಕೆಲಸ, ಆದರೆ ಇಲ್ಲಿಗೇ ಬರಬೇಕು ಎಂದ. ಯಾವ ಪುಟ ಎಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ವರ್ಷದಿಂದ ಅವಳು ಆ ಫ್ಯಾಕ್ಟರಿಯ ದೂರಿನ ಚೀಟಿಗಳನ್ನು ಇಂಗ್ಲಿಷಿಗೆ ಮಾಡಿಕೊಡುತ್ತಿದ್ದಳು. ಕೆಲಸದವರು ಕನ್ನಡದಲ್ಲಿ ಬರೆದು, ಅಥವಾ ಬರೆಸಿ, ಪೆಟ್ಟಿಗೆಗೆ ಹಾಕಿದ್ದು ತಿಂಗಳಿಗೊಮ್ಮೆ ಕವರಿನಲ್ಲಿ ಅವಳ ಹತ್ತಿರ ಬರುತ್ತಿತ್ತು. ಉತ್ತರ ಭಾರತದಲ್ಲೆಲ್ಲೋ ಇರುವ ಹೆಡ್ ಆಫೀಸಿಗೆ ಕನ್ನಡ ಬರುವುದಿಲ್ಲ. ‘ಟೋನ್ ಒಸಿ ಸಾಫ್ಟ್ ಇರ್ಲಿ ಮೇಡಂ,’ ಎಂದಷ್ಟೇ ಮುನಿಕೃಷ್ಣ ಹೇಳಿದ್ದ. ಹೇಳಬೇಕಾಗಿಯೂ ಇರಲಿಲ್ಲ. ಆ ಚೀಟಿಗಳ ಒರಟುತನ ಅವಳಿಗೇ ಮುಜುಗರ ಹುಟ್ಟಿಸುತ್ತಿತ್ತು. ಕಕ್ಕಸು ನಾರುತ್ತದೆ, ಸೂಪರ್‌ವೈಜರ್ ಬಾಯಿ ಹೊಲಸು. ಅವಕ್ಕೆ ಸ್ನಾನ ಮಾಡಿಸಿ, ತಲೆ ಬಾಚಿ ಕಳಿಸುತ್ತಿದ್ದೇನೆ ಎಂದುಕೊಳ್ಳುತ್ತಿದ್ದಳು.

ರಾಮನಗರದ ರೇಷ್ಮೆ ರೀಲರ್ ಖಾಸಿಂ ಸಾಬರ ಮಗಳು ಜುವೇರಿಯಾಗೆ ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಎರಡರಲ್ಲೂ ಯಾರಾದರೊಬ್ಬರು ಅವಳ ಉಚ್ಚಾರ ತಿದ್ದುತ್ತಿದ್ದರು. ಇಂಗ್ಲಿಷಿನಲ್ಲಿ ಮಾತ್ರ ತಿದ್ದುವವಳು ಅವಳೇ.

ಮುನಿಕೃಷ್ಣನ ಕೋಣೆಯಲ್ಲಿ ಹೆಂಗಸೊಬ್ಬಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನಲವತ್ತರ ಆಸುಪಾಸು. ಬಲಗೈಗೆ ಮೊಣಕೈತನಕ ಬ್ಯಾಂಡೇಜು, ತುದಿ ಮೊಂಡಾಗಿತ್ತು. ಮುನಿಕೃಷ್ಣ ಪರಿಚಯಿಸಿದ: ಚಿಕ್ಕಲಕ್ಷ್ಮಮ್ಮ, ಉಯ್ಯಂಬಳ್ಳಿ ಕಡೆಯವರು, ಪ್ರೆಸ್ ಸೆಕ್ಷನ್. ಹದಿನೈದು ದಿನದ ಹಿಂದೆ ಒಂದು ಸಣ್ಣ ಇನ್ಸಿಡೆಂಟ್ ಆಯಿತು. ಸೋಮವಾರ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರುತ್ತಾರೆ, ಅಷ್ಟರಲ್ಲಿ ಹೆಡ್ ಆಫೀಸಿಗೆ ಇವರ ಹೇಳಿಕೆ ಇಂಗ್ಲಿಷಿನಲ್ಲಿ ಬೇಕು.

‘ಎಷ್ಟು ಬೆರಳು?’ ಎಂದಳು ಜುವೇರಿಯಾ.

‘ಹೆಬ್ಬೆಟ್ಟೊಂದು ಉಳ್ಕಂಡದೆ,’ ಎಂದಳು ಚಿಕ್ಕಲಕ್ಷ್ಮಮ್ಮ. ಊರಿನ ಬಸ್ಸಿನ ವೇಳೆ ಹೇಳಿದ ಹಾಗೆ.

ಅವಳು ಹೇಳುತ್ತ ಹೋದಳು, ಜುವೇರಿಯಾ ಬರೆದುಕೊಳ್ಳುತ್ತ ಹೋದಳು. ರಟ್ಟು ಒತ್ತಿ ಕತ್ತರಿಸುವ ಪ್ರೆಸ್ಸಿನ ಬಾಯಿಗೆ ಕೈ ಹೋಗದ ಹಾಗೆ ಅಡ್ಡ ಒಂದು ಕಂಬಿ ಇರುತ್ತದೆ. ಯುಗಾದಿಗೆ ಮುಂಚೆಯೇ ಅದು ಕಿತ್ತುಬಂದಿತ್ತು. ಸೂಪರ್‌ವೈಜರಿಗೆ ಹೇಳಿದಳು. ಆಮೇಲೆ ಪಕ್ಕದ ಮಿಷನ್ನಿನ ಹುಡುಗಿಯ ಹತ್ತಿರ ಚೀಟಿ ಬರೆಸಿ ಪೆಟ್ಟಿಗೆಗೂ ಹಾಕಿದಳು. ಎರಡು ತಿಂಗಳು ಯಾರೂ ಬರಲಿಲ್ಲ.

‘ಚೀಟೀಲಿ ಏನಂತ ಬರೆಸಿದ್ರಿ?’

‘ಕಂಬಿ ಬಿದ್ದೋಗೈತೆ, ಹಿಂಗೇ ಬುಟ್ರೆ ಯಾರ್ದಾರೂ ಕೈ ಹೋಯ್ತದೆ ಅಂತವ.’

ಜುವೇರಿಯಾಳ ಪೆನ್ನು ನಿಂತಿತು. ಆ ಸಾಲನ್ನು ಎಲ್ಲೋ ನೋಡಿದ್ದೆನಲ್ಲ ಎನ್ನಿಸಿತು. ರೆಫರೆನ್ಸಿಗೆ ಇರಲಿ ಎಂದು ಮುನಿಕೃಷ್ಣ ಮುಂದಿಟ್ಟಿದ್ದ ಫೈಲನ್ನು ತೆರೆದಳು. ಮೇಲಿದ್ದದ್ದು ಹೆಡ್ ಆಫೀಸಿನ ಪತ್ರ. ಯಂತ್ರದ ಬಗ್ಗೆ ಬಂದಿದ್ದ ದೂರಿನಲ್ಲಿ ಖಚಿತ ಅಪಾಯದ ಮಾತೇ ಇಲ್ಲದ ಕಾರಣ ತುರ್ತು ರಿಪೇರಿ ಅಗತ್ಯ ಎನಿಸಲಿಲ್ಲ ಎಂದು ಅದರಲ್ಲಿತ್ತು. ಕೆಳಗೆ ದೂರಿನ ಸಾಲನ್ನು ಹಾಗೆಯೇ ಎತ್ತಿ ಕೊಟ್ಟಿದ್ದರು: ಇಟ್ ಮೈಟ್ ಪಾಸಿಬ್ಲಿ ಕಾಸ್ ಸಮ್ ಇಂಜುರಿ. ಬಹುಶಃ ಒಂದಿಷ್ಟು ಗಾಯ ಆದರೂ ಆದೀತು.

ಅವಳದೇ ವಾಕ್ಯ. ಮೈಟ್ ಇದ್ದ ಮೇಲೆ ಪಾಸಿಬ್ಲಿ ಬೇಕಿರಲಿಲ್ಲ. ಕಿವಿಗೆ ಚೆನ್ನಾಗಿದೆ ಎಂದು ಸೇರಿಸಿದ್ದಳು.

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅದು ಯಾರ ಮೇಲೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎದುರಿಗೆ ಮುನಿಕೃಷ್ಣ ಇದ್ದ. ಸದ್ಯಕ್ಕೆ ಅವನ ಮೇಲೆ ಎಂದುಕೊಂಡಳು. ಕನ್ನಡದ ಮೂಲ ಚೀಟಿ ಕೊಡಿ ಎಂದಳು.

‘ಅದಿಲ್ಲ ಮೇಡಂ. ಇಂಗ್ಲಿಷ್ ಬಂದ್ಮೇಲೆ ಕನ್ನಡದ್ದು ಇಟ್ಕೊಳಲ್ಲ ನಾವು.’

‘ಅದರಲ್ಲಿ ಕೈ ಹೋಗುತ್ತದೆ ಅಂತಿತ್ತು.’

‘ಇದ್ದಿರಬಹುದು.’

‘ಇದ್ದಿರಬಹುದು ಅಲ್ಲ, ಇತ್ತು. ನಾನೇ ಓದಿದ್ದೀನಿ. ಎರಡೂ ಕಣ್ಣಿಂದ ಓದಿ ಬೇರೆ ಬರೆದಿದ್ದೀನಿ.’

ಮುನಿಕೃಷ್ಣ ನೀರಿನ ಲೋಟವನ್ನು ಅವಳ ಕಡೆ ಸರಿಸಿದ. ಯಾರೂ ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ ಎಂದ. ಇವತ್ತಿನ ಹೇಳಿಕೆ ಫೈಲಿನಲ್ಲಿರುವ ದೂರಿಗೆ ಹೊಂದಿಕೊಂಡು ಹೋದರೆ ಸಾಕು. ಇಲ್ಲವಾದರೆ ಈಯಮ್ಮನೇ ಮಾತು ಬದಲಿಸುತ್ತಿದ್ದಾಳೆ ಎಂದು ಹೆಡ್ ಆಫೀಸಿನವರು ತಿಳಿದಾರು ಎಂದ.

ತಿಳಿದಾರು. ಅವನ ಬಾಯಲ್ಲಿ ಅದೇ ‘ಆದೀತು’ ರೂಪ ಕೇಳಿ ಅವಳಿಗೆ ಮೈ ಉರಿಯಿತು. ಎರಡು ತಿಂಗಳು ಕೈಕಟ್ಟಿ ಕೂತವರಿಗೆ ಮೈಟ್ ಎಂಬ ಒಂದು ಸಹಾಯಕ ಕ್ರಿಯಾಪದ ಸಾಕಾಗಿತ್ತು. ಅದನ್ನು ಒದಗಿಸಿದವಳು ತಾನು. ಒಂದು ಬೋಲ್ಟು ಬಿಗಿಯಲು ಬೇಕಾಗಿದ್ದದ್ದು ಅರ್ಧ ಗಂಟೆ. ಅದಕ್ಕೂ ಇವರಿಗೆ ವ್ಯಾಕರಣ ಬೇಕಾಗಿತ್ತು.

ಅವಳು ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದಳು. ಕೈ ಹೋಗುತ್ತದೆ ಎಂದು ಹೇಳಿದ್ದೆ ಎಂಬ ಕಡೆ ವಿಲ್ ಎಂದೇ ಬರೆದಳು. ಆಮೇಲೆ ಇನ್ನೊಂದು ಹಾಳೆ ತೆಗೆದುಕೊಂಡು, ಮೂಲ ದೂರಿನ ಅರ್ಥವನ್ನು ಅನುವಾದದಲ್ಲಿ ತಾನೇ ಬದಲಿಸಿದ್ದಾಗಿ ಮೂರು ಸಾಲು ಬರೆದು ಸಹಿ ಮಾಡಿದಳು.

ಮುನಿಕೃಷ್ಣ ಎರಡನೆಯ ಹಾಳೆಯನ್ನು ಎರಡು ಸಲ ಓದಿದ.

‘ಇದರಿಂದ ನಿಮಗೂ ತೊಂದರೆ ಆಗಬಹುದು ಮೇಡಂ. ನಿಮ್ಮ ಕಾಲೇಜಿನ ಮಕ್ಕಳು ನಮ್ಮಲ್ಲಿ ಟ್ರೈನಿಂಗಿಗೆ ಬರ್ತಾರೆ.’

‘ಆಗಬಹುದಾ, ಆಗುತ್ತದಾ?’

ಅವನು ನಕ್ಕ. ‘ಅದನ್ನ ನಮಗೆ ಹೇಳಿಕೊಡೋರು ನೀವು.’

ಹಾಳೆ ತಲುಪಿದ್ದಕ್ಕೆ ಸೀಲು ಹಾಕಿಕೊಡಿ ಎಂದಳು. ಸೀಲು ಇರುವ ಬೀರುವಿನ ಬೀಗದ ಕೈ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದಾರೆ, ಸೋಮವಾರ ನೋಡೋಣ ಎಂದ. ಅವಳು ಮೊಬೈಲಿನಲ್ಲಿ ಹಾಳೆಯ ಚಿತ್ರ ತೆಗೆದುಕೊಂಡಳು. ಅವನು ಬೇಡವೆನ್ನಲಿಲ್ಲ. ಹಾಳೆಯ ಮೇಲೆ ಗಾಜಿನ ಗುಂಡು ಇಟ್ಟು ಫೋನು ಎತ್ತಿಕೊಂಡ.

ಇಷ್ಟೂ ಹೊತ್ತು ಚಿಕ್ಕಲಕ್ಷ್ಮಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ ಕೂತಿದ್ದಳು. ಹೊರಗೆ ಬಂದು ಷೆಡ್ಡಿನ ನೆರಳಿನಲ್ಲಿ ನಡೆಯುವಾಗ ಜುವೇರಿಯಾ ಅವಳಿಗೆ ಎಲ್ಲವನ್ನೂ ಹೇಳಿದಳು. ನೀವು ಬರೆಸಿದ್ದನ್ನು ಇಂಗ್ಲಿಷಿಗೆ ಮಾಡಿದವಳು ನಾನು, ಹೋಯ್ತದೆ ಎಂಬುದನ್ನು ಹೋದರೂ ಹೋದೀತು ಎಂದು ಮಾಡಿದವಳು ನಾನು, ಅವರು ಅದನ್ನೇ ಹಿಡಿದುಕೊಂಡಿದ್ದಾರೆ. ಬೈಯಲಿ ಎಂದು ಕಾದಳು. ಬೈದರೆ ಏನೋ ಒಂದು ಮುಗಿಯುತ್ತಿತ್ತು.

ಚಿಕ್ಕಲಕ್ಷ್ಮಮ್ಮ ನಿಂತಳು. ‘ಅದ್ಯಾಕವ್ವ ಹಂಗ್ ಬರುದ್ರಿ?’

ನಿಜವಾಗಿ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ ಅದು. ಇಂಗ್ಲಿಷಿನಲ್ಲಿ ಅದು ಮರ್ಯಾದೆ ಎಂದು ಹೇಳಲು ಜುವೇರಿಯಾ ಬಾಯಿ ತೆರೆದಳು. ಆ ಒಂದು ಸಾಲಿನ ಮೇಲೆ ತಾನು ಎಷ್ಟು ಹೊತ್ತು ಕಳೆದಿರಬಹುದು? ಅರ್ಧ ನಿಮಿಷ. ಪಕ್ಕದಲ್ಲಿ ಚಹಾ ಇದ್ದಿರಬೇಕು.

‘ಈಗ ಸರಿಯಾಗಿ ಬರೆದಿದ್ದೀನಿ,’ ಎಂದಳು.

‘ಈಗ ಹೆಂಗ್ ಬರುದ್ರೂ ಸರಿಯಾಗೇ ಇರ್ತದೆ ಬುಡಿ. ಕೈ ಹೋಗೈತಲ್ಲ.’

ಅವಳ ದನಿಯಲ್ಲಿ ವ್ಯಂಗ್ಯವೂ ಇರಲಿಲ್ಲ. ಜುವೇರಿಯಾ ಆ ಮುಖದಲ್ಲಿ ತನಗೊಂದು ಶಿಕ್ಷೆ ಹುಡುಕಿ, ಸಿಗದೆ, ಅದಕ್ಕೂ ಸಿಟ್ಟಾದಳು.

ಪಾಳಿ ಬದಲಾಗುವ ಸೈರನ್ ಕೂಗಿತು. ಗೇಟಿನ ಬಳಿ ಸಾಲು ಬೆಳೆದಿತ್ತು. ಕೆಲಸದವರು ಒಬ್ಬೊಬ್ಬರಾಗಿ ಗೋಡೆಯ ಮೇಲಿನ ಸಣ್ಣ ಯಂತ್ರಕ್ಕೆ ಬೆರಳು ಒತ್ತುತ್ತಿದ್ದರು. ಅದು ಥ್ಯಾಂಕ್ ಯೂ ಅನ್ನುತ್ತಿತ್ತು, ಅಡ್ಡಗಂಬಿ ತಿರುಗುತ್ತಿತ್ತು, ಅವರು ಹೊರಗೆ ಹೋಗುತ್ತಿದ್ದರು. ಪಕ್ಕದ ದೊಡ್ಡ ಗೇಟು ಲಾರಿಗಳಿಗೆ ಮಾತ್ರ ಎಂದ ಸೆಕ್ಯೂರಿಟಿಯವನು. ವಿಸಿಟರಿಗೆ ಚೀಟಿ ಕೊಡುತ್ತೇನೆ, ಸ್ಟಾಫ್ ಆದರೆ ಪಂಚ್ ಮಾಡಲೇಬೇಕು. ಈಯಮ್ಮನ ಹೆಸರು ಇನ್ನೂ ರೋಲಿನಲ್ಲಿದೆ.

ಚಿಕ್ಕಲಕ್ಷ್ಮಮ್ಮನ ಸರದಿ ಬಂತು. ಅವಳು ಎಡಗೈ ಬೆರಳು ಒತ್ತಿದಳು. ಯಂತ್ರದಲ್ಲಿ ಕೆಂಪು ದೀಪ ಹತ್ತಿತು. ಹೆಣ್ಣಿನ ದನಿ, ಬಹಳ ಮೃದುವಾಗಿ, ಪ್ಲೀಸ್ ಟ್ರೈ ಅಗೇನ್ ಎಂದಿತು. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಪ್ಲೀಸ್ ಟ್ರೈ ಅಗೇನ್. ಹಿಂದೆ ಯಾರೋ ಬೇಗ ಬೇಗ ಎಂದರು. ಸೆಕ್ಯೂರಿಟಿಯವನು ಕಂಪ್ಯೂಟರ್ ನೋಡಿ, ಸೇರಿದಾಗ ಕೊಟ್ಟಿದ್ದು ಬಲಗೈ ತೋರುಬೆರಳು, ಅದನ್ನೇ ಕೇಳುತ್ತಿದೆ ಎಂದ. ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿ ಬೇರೆ ಕಡೆ ನೋಡಿದ.

ಸಾಲು ನಿಂತುಬಿಟ್ಟಿತು. ಬಿಸಿಲು ಚುರುಗುಟ್ಟುತ್ತಿತ್ತು.

ಯಂತ್ರ ಮತ್ತೊಮ್ಮೆ ಮಾತಾಡಿತು. ಚಿಕ್ಕಲಕ್ಷ್ಮಮ್ಮ ಹಿಂದಕ್ಕೆ ತಿರುಗಿ ಜುವೇರಿಯಾಳನ್ನು ಕೇಳಿದಳು:

‘ಏನಂತೈತೆ ಮೇಡಮ್ಮೋರೆ ಅದು?’

ನೂರು ಜನ ಅವಳ ಬಾಯನ್ನೇ ನೋಡುತ್ತಿದ್ದರು.

‘ಇನ್ನೊಂದು ಸಲ ಇಡಿ ಅಂತಿದೆ,’ ಎಂದಳು ಜುವೇರಿಯಾ.

ಚಿಕ್ಕಲಕ್ಷ್ಮಮ್ಮ ತಲೆಯಾಡಿಸಿ, ಬ್ಯಾಂಡೇಜಿನ ಮೊಂಡು ಕೈಯನ್ನು ನಿಧಾನವಾಗಿ ಎತ್ತಿ, ಹಸಿರು ಬೆಳಕು ಬೀಳುತ್ತಿದ್ದ ಆ ಪುಟ್ಟ ಗಾಜಿನ ಮೇಲೆ ಇಟ್ಟು ಕಾದಳು.